ಕುಳಗೇರಿ ಕ್ರಾಸಿನ ತೋಳಗಳು

ಬಾಗಲಕೋಟೆಯ ಕಾಲೇಜಿನಲ್ಲಿ ನಾನು ಕಲಿಸುವ ವಿದ್ಯೆ ಇಷ್ಟೇ. ಒಂದು ಪ್ರಾಣಿ ಎಲ್ಲೆಲ್ಲಿ ಕಂಡಿತೆಂದು ಕಂಪ್ಯೂಟರಿಗೆ ತಿಳಿಸಿದರೆ, ಮಳೆ, ಮಣ್ಣು, ಗಿಡಗಂಟಿ ನೋಡಿ ಅದು ಇನ್ನೆಲ್ಲಿ ಇರಬಹುದೆಂದು ನಕ್ಷೆ ಬರೆದುಕೊಡುತ್ತದೆ. ನಾನು ತೋಳ ನೋಡಿದ್ದು ಪರದೆಯ ಮೇಲೆ ಮಾತ್ರ. ಬಿಸಿಲಲ್ಲಿ ಅಲೆಯುವುದು ವಿದ್ಯಾರ್ಥಿಗಳ ಕೆಲಸ, ಗೈಡ್ ಆದವನದಲ್ಲ ಎಂಬ ಜಂಬ ನನಗೆ ಭಾಳ ಇತ್ತು.

ಕಮತಗಿಯ ಹುಡುಗಿಯೊಬ್ಬಳು ತೋಳದ ಮೇಲೆ ಪಿಎಚ್‌ಡಿ ಮಾಡಲು ನನ್ನ ಬಳಿ ಬಂದಳು. ಮೂರು ವರ್ಷ ಓದು, ಆಮೇಲೆ ನಾವು ಹೇಳಿದಂತೆ ಕೇಳು ಎಂದು ಮನೆಯವರು ಮೊದಲೇ ಗಡುವು ಹಾಕಿ ಕಳಿಸಿದ್ದರು. ಅವಳು ಬಸ್ಸಿನಲ್ಲಿ ಕುಳಗೇರಿ ಕ್ರಾಸಿಗೆ ಹೋಗಿ, ಅಲ್ಲಿಂದ ಕುರಿ ಮೇಯಿಸುವವರ ಹಿಂದೆ ಗುಡ್ಡ ಸುತ್ತಿ, ಹೆಜ್ಜೆ, ಹಿಕ್ಕೆ ಹುಡುಕುತ್ತಿದ್ದಳು. ಕಂಡದ್ದನ್ನೆಲ್ಲ ಫೋನಿನ ಫಾರ್ಮಿನಲ್ಲಿ ತುಂಬಬೇಕು. ತುಂಬುವ ಹೊತ್ತಿಗೆ ಫೋನು ಎಲ್ಲಿದೆಯೋ ಆ ಜಾಗವನ್ನು ಅದೇ ಹಾಕಿಕೊಳ್ಳುತ್ತದೆ.

ಮೊದಲ ತಿಂಗಳೇ ಅವಳು ಕೇಳಿದ್ದಳು. "ಸರ್, ಗುಡ್ಡದಾಗ ಸಿಗ್ನಲ್ ಇರೂದಿಲ್ರಿ. ಫಾರ್ಮ್ ತೆರಿಯೂದಿಲ್ಲ. ಕ್ರಾಸಿಗೆ ಬಂದ ಮ್ಯಾಲೆ ತುಂಬಲೇನ್ರಿ?"

ನಾನು ತಲೆ ಎತ್ತಲಿಲ್ಲ. "ಎಲ್ಲ್ಯರೆ ತುಂಬವ್ವಾ, ಖಾಲಿ ಬಿಡಬ್ಯಾಡ."

ಅವಳು ಹಾಗೇ ಮಾಡಿದಳು. ಸಂಜೆ ಕ್ರಾಸಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು, ಬಸ್ಸು ಬರುವುದರೊಳಗೆ ಇಡೀ ದಿನದ್ದನ್ನು ತುಂಬುತ್ತಿದ್ದಳು. ನಿಜವಾದ ಜಾಗಗಳನ್ನು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು: ಹಾಳು ಬಾವಿಯಿಂದ ಮೂರು ಹೊಲ ದಾಟಿ, ಜಾಲಿ ಸಾಲಿನ ಕೆಳಗೆ. ಕಂಪ್ಯೂಟರಿಗೆ ಹಾಳು ಬಾವಿ ತಿಳಿಯುವುದಿಲ್ಲ ಎಂದು ನಾನು ನಕ್ಕಿದ್ದೆ. ಆದರೂ ಪ್ರತಿ ಶನಿವಾರ ಆ ನೋಟುಬುಕ್ಕನ್ನು ನನ್ನ ಮೇಜಿಗೆ ತರುತ್ತಿದ್ದಳು. ನಾನು ಫೋನಿನಲ್ಲಿ ಮಾತಾಡುತ್ತಲೇ, ಓದದೆ, ಏನೋ ಒಂದು ಗೀಚಿ ಸಹಿ ಹಾಕುತ್ತಿದ್ದೆ.

ಮೂರನೆಯ ವರ್ಷದ ಕೊನೆಗೆ ನಡೆದ ಪರಿಶೀಲನಾ ಸಭೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ನಕ್ಷೆಯನ್ನು ದೊಡ್ಡದು ಮಾಡಿ ನೋಡಿದರು. ಎಲ್ಲ ಚುಕ್ಕಿಗಳೂ ಒಂದೇ ಕಡೆ, ರಸ್ತೆ ಕೂಡುವಲ್ಲಿ.

"ನಿಮ್ಮ ತೋಳಗಳು ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿಯುತ್ತವೆಯೇನಮ್ಮಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಗುಡ್ಡಕ್ಕೆ ಹೋಗದೆ ಕ್ರಾಸಿನಲ್ಲೇ ಕುಳಿತು ಬರೆದದ್ದಲ್ಲವೇ ಎಂದು ಅವರು ಕೇಳಿದರು. ಬಿಸಿಲಿಗೆ ಕರ್ರಗಾಗಿದ್ದ ಅವಳ ಮುಖವನ್ನು ಯಾರೂ ನೋಡಲಿಲ್ಲ. ನಂತರ ನನ್ನ ಕಡೆ ತಿರುಗಿ, "ನೀವು ಗಮನಿಸಲಿಲ್ಲವೇ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನನಗಿಂತ ಮರ್ಯಾದಸ್ಥ. ನಾನು ಹೆಗಲನ್ನೂ ಮುಟ್ಟಲಿಲ್ಲ. "ಅವಳು ನನಗೇನೂ ತಿಳಿಸಲಿಲ್ಲ" ಎಂದೆ.

ಅವಳ ತೊಡೆಯ ಮೇಲೆ ಆ ನೋಟುಬುಕ್ಕು ಇತ್ತು. ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು, ತೆರೆಯಲಿಲ್ಲ. ಹೆದರಿದ್ದಾಳೆ ಎಂದುಕೊಂಡೆ, ಒಳಗೊಳಗೇ ಸಮಾಧಾನವೂ ಆಯಿತು.

ಎಲ್ಲವನ್ನೂ ಮೊದಲಿನಿಂದ ಮಾಡಬೇಕೆಂದು ತೀರ್ಮಾನವಾಯಿತು. ಮನೆಯ ಗಡುವು ಮುಗಿದಿತ್ತು. ಮರುದಿನ ಅವಳು ಬಂದು ನೋಟುಬುಕ್ಕನ್ನು ನನ್ನ ಮೇಜಿನ ಮೇಲಿಟ್ಟಳು. "ಇದು ನಿಮ್ಮ ಹತ್ರನ ಇರ್ಲಿ ಸರ್. ನಾ ಬರ್ತೇನಿ." ಬರುತ್ತೇನೆ ಎಂದು ಹೋದವಳು ಮತ್ತೆ ಬರಲಿಲ್ಲ.

ಅವಳು ಹೋದ ಮೇಲೆ ಅದನ್ನು ಮೊದಲ ಸಲ ಓದಿದೆ. ಎರಡನೆಯ ತಿಂಗಳಿನ ಒಂದು ಪುಟದಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದಿದ್ದಳು: "ಎಲ್ಲಿ ಕಂಡರೂ ಫೋನು ಕ್ರಾಸಿನ ಜಾಗವನ್ನೇ ಹಾಕಿಕೊಳ್ಳುತ್ತಿದೆ. ಇದು ತಪ್ಪಲ್ಲವೇ ಸರ್?"

ಅದರ ಕೆಳಗೆ, ನನ್ನದೇ ಕೈಬರಹದಲ್ಲಿ, "ನೋಡಿದೆ, ಸರಿಯಿದೆ" ಎಂದಿತ್ತು. ಸಹಿಯೂ ಇತ್ತು. ಸಭೆಯಲ್ಲಿ ಅವಳ ಕೈಯ ಕೆಳಗಿದ್ದದ್ದು ಆ ಪುಟ.