ಸೌಟಿನ ಬೆನ್ನಿನ ನೀಲಿ

ಚೀನೀಯರ ಏಳನೇ ತಿಂಗಳು ಬಂತೆಂದರೆ ನಮ್ಮ ಬ್ಲಾಕಿನ ಕೆಳಗೆ ಸತ್ತವರಿಗೆಂದು ಕಾಗದ ಸುಡುತ್ತಾರೆ. ಆ ಹೊಗೆ ನೆಟ್ಟಗೆ ನನ್ನ ಅಡುಗೆಮನೆಗೇ ಬರುತ್ತದೆ. ನಮಗೆ ಪಿತೃಪಕ್ಷವಿದ್ದಂತೆ ಅವರಿಗೆ ಅದು. ತಪ್ಪೆಂದು ನಾನು ಹೇಳುವುದಿಲ್ಲ. ಆದರೂ ಮೊನ್ನೆ ಕಿಟಕಿಯನ್ನು ದಡಾರನೆ ಮುಚ್ಚಿದೆ. ಆಮೇಲೆ ಡ್ರಾಯರ್ ಎಳೆದು ಆ ಹಳೆಯ ಸೌಟನ್ನು ತೆಗೆದು ನೋಡಿದೆ...

ತೊಂಬತ್ತರ ದಶಕ. ಮೈಸೂರಿನಿಂದ ಈ ಪರದೇಶಕ್ಕೆ ಬಂದು ಆಂಗ್ ಮೋ ಕಿಯೋ ಎಂಬ ಬಡಾವಣೆಯಲ್ಲಿ ಮನೆ ಮಾಡಿದ್ದೆವು. ಪಕ್ಕದ ಮನೆಯಲ್ಲಿ ಒಬ್ಬ ಅಂಕಲ್. ಮಗನಿಗೆ ಇಲ್ಲಿ ಕೆಲಸ ಸಿಕ್ಕಿತೆಂದು ಚೀನಾದಿಂದ ಅವನ ಹಿಂದೆ ಬಂದವರು. ಬಾಗಿಲು ತೆರೆದಿಟ್ಟು ಹಲಗೆ ಕೆತ್ತುತ್ತಿದ್ದರು. ಬಟ್ಟೆ ಒಣಹಾಕುವ ಬಿದಿರಿನ ಗಳುವಿನ ಮೇಲೆ ಚಿತ್ರ ಒಣಗುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, ನಾನು ಸಾರು ತಿರುವುತ್ತಿದ್ದ ಸೌಟನ್ನು ತೋರಿಸಿ, "ಅದು ಕೊಡ್ತೀಯಾ?" ಎಂದರು. ತಳ ಗುಂಡಗಿರುವ ನಮ್ಮೂರಿನ ಸ್ಟೀಲ್ ಸೌಟು. ಬಣ್ಣ ಹಚ್ಚಿದ ಹಲಗೆಯ ಮೇಲೆ ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯುವುದಕ್ಕಂತೆ. ಕೊಟ್ಟೆ. ಆಮೇಲೆ ಅದು ವಾಪಸ್ ಬರಲೇ ಇಲ್ಲ. ನಾನೂ ಕೇಳಲಿಲ್ಲ.

ಅವರ ಕೆಲಸವೇ ವಿಚಿತ್ರ. ಮೊದಲು ತೆಳು ಚೀನೀ ಕಾಗದವನ್ನು ಒದ್ದೆ ಮಾಡಿ, ನೀರಿನ ಬಣ್ಣ ಅದರೊಳಗೆ ಇಳಿಯುವಂತೆ ಒತ್ತುವುದು. ಅದರ ಮೇಲೆ, ಪ್ರಾಯದಲ್ಲಿ ಯುರೋಪಿನಲ್ಲಿ ಕಲಿತಂತೆ, ಎಣ್ಣೆಯ ಗಟ್ಟಿ ಬಣ್ಣ. ಒಂದು ಬಣ್ಣ ಒತ್ತಿದ ಮೇಲೆ ಅದೇ ಹಲಗೆಯನ್ನು ಇನ್ನಷ್ಟು ಕೆತ್ತಿ ಮುಂದಿನ ಬಣ್ಣ. ಚಿತ್ರ ಮುಗಿಯುವ ಹೊತ್ತಿಗೆ ಹಲಗೆಯೂ ಮುಗಿದಿರುತ್ತಿತ್ತು. ಆ ಚಿತ್ರವನ್ನು ಇನ್ನೊಮ್ಮೆ ಅಚ್ಚು ಹಾಕಲು ಬ್ರಹ್ಮನಿಗೂ ಆಗದು. ಅದರಲ್ಲಿ ಮರವಿಲ್ಲ, ಮನುಷ್ಯನಿಲ್ಲ, ಬರೀ ಬಣ್ಣ. "ಇದೇನು ಅಂಕಲ್, ಮೋಡಾನಾ?" ಎಂದರೆ, "ನೋಡು" ಎನ್ನುತ್ತಿದ್ದರು, ಅಷ್ಟೇ. ಮಕ್ಕಳನ್ನು ಸ್ಕೂಲಿಗೆ ಕಳಿಸಿ ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ನೀಲಿಯ ಹಿಂದಿನಿಂದ ಕೆಂಪು ಮೇಲೆದ್ದು ಬರುತ್ತಿತ್ತು, ಪರದೆಯ ಹಿಂದೆ ದೀಪ ಹಚ್ಚಿಟ್ಟ ಹಾಗೆ.

ಅವರಿಗಿದ್ದದ್ದು ಒಂದೇ ಆಸೆ. ಎಲ್ಲ ಚಿತ್ರಗಳೂ ಒಟ್ಟಿಗೆ ಒಂದು ಕೋಣೆಯ ಗೋಡೆಯ ಮೇಲಿರಬೇಕು, ಜನ ಬಂದು ನೋಡಬೇಕು. ಗ್ಯಾಲರಿಯ ಮಹಾರಾಯಿತಿಯೊಬ್ಬಳು ಬಂದು, "ಒಂದು ಬಿದಿರು, ಒಂದು ಹಕ್ಕಿ ಸೇರಿಸಿ ಅಂಕಲ್, ಟೂರಿಸ್ಟ್‌ಗಳು ತಗೋತಾರೆ" ಎಂದಳು. ಚೀನೀ ಕಲಾಸಂಘದ ಯಜಮಾನರು, ಇದು ಬಿಳಿಯರ ನಕಲು ಎಂದು ಮೂಗು ಮುರಿದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ನನ್ನ ಮೈಯೆಲ್ಲ ಉರಿದುಹೋಯಿತು. "ಬಾಯಿ ಬಿಟ್ಟು ಎರಡು ಬೈಯಬಾರದಾ ಅಂಕಲ್?" ಎಂದರೆ ಅವರು ನಕ್ಕರು. "ನೀನು ಬೈ. ನಾನು ಕೆತ್ತುತ್ತೇನೆ."

ನನಗೊಂದು ಚಿತ್ರ ಕೊಡಿ ಎಂದು ಕೇಳಿದ್ದೆ. ಎಲ್ಲವನ್ನೂ ಒಟ್ಟಿಗೆ ತೂಗುಹಾಕಿದ ಮೇಲೆ ಮೊದಲನೆಯದು ನಿನಗೇ ಎಂದಿದ್ದರು.

ಆ ಕೋಣೆ ಸಿಗಲೇ ಇಲ್ಲ. ಒಂದು ಮಧ್ಯಾಹ್ನ ಊಟವಾಗಿ ಮಲಗಿದವರು ಏಳಲಿಲ್ಲ. ಬ್ಲಾಕಿನ ಕೆಳಗೆ ಖಾಲಿ ಬಿಟ್ಟಿರುವ ನೆಲಮಹಡಿಯಲ್ಲಿ, ಇಲ್ಲಿನವರು ವಾಯ್ಡ್ ಡೆಕ್ ಎನ್ನುವ ಜಾಗದಲ್ಲಿ, ಶಾಮಿಯಾನ ಕಟ್ಟಿ ದೇಹ ಇಟ್ಟಿದ್ದರು. ಹೂವು ಹಿಡಿದು ನಾನೂ ನಮ್ಮ ಯಜಮಾನರೂ ಹೋದೆವು. ಕಬ್ಬಿಣದ ದೊಡ್ಡ ಡಬ್ಬದಲ್ಲಿ ಬೆಂಕಿ ಉರಿಯುತ್ತಿತ್ತು. ಕಾಗದದ ನೋಟು, ಕಾಗದದ ಮನೆ, ಕಾಗದದ ಕಾರು. ಸತ್ತವರಿಗೆ ಅಲ್ಲಿ ಸಿಗಲೆಂದು ಸುಡುವುದು. ಅಷ್ಟರಲ್ಲಿ ಅಂಕಲ್ ಮಗ ಉದ್ದನೆಯ ಒಂದು ಸುರುಳಿಯನ್ನು ಅದರೊಳಗೆ ಇಳಿಸಿದ. ಅದರ ಅಂಚು ಬಿಚ್ಚಿಕೊಂಡಿತು. ನೀಲಿ...

ನಾನು ಕಿರುಚಿಯೇ ಬಿಟ್ಟೆ. "ಅಯ್ಯೋ ಪಾಪಿ, ಏನ್ ಮಾಡ್ತಿದೀಯೋ!" ಕನ್ನಡದಲ್ಲೇ. ಕೈ ಹಾಕಲು ಹೋದೆ. ಯಜಮಾನರು ತೋಳು ಹಿಡಿದು ಹಿಂದಕ್ಕೆಳೆದರು. "ಸುಮ್ನಿರೇ, ಅದು ಅವ್ರ ಶಾಸ್ತ್ರ. ನಾವ್ಯಾಕೆ ಮಧ್ಯೆ ಹೋಗೋದು?"

ಆ ಹುಡುಗ ಕೆಟ್ಟವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಶಾಪ ಹಾಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವನ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. ಎರಡು ಕೈಯಲ್ಲೂ ಮರ್ಯಾದೆಯಿಂದ ಒಂದೊಂದೇ ಸುರುಳಿ ಎತ್ತಿ ಇಳಿಸುತ್ತಿದ್ದ. "ಇಲ್ಲಿ ಯಾರೂ ನೋಡಲಿಲ್ಲ, ಆಂಟಿ," ಎಂದ. "ಅಲ್ಲಾದರೂ ಯಾರಾದರೂ ನೋಡಬಹುದು."

ಎಲ್ಲವೂ ಹೋಯಿತು. ಒಂದೂ ಉಳಿಯಲಿಲ್ಲ.

ವಾರ ಕಳೆದ ಮೇಲೆ ಅವನೇ ಬಂದು ಸೌಟು ವಾಪಸ್ ಕೊಟ್ಟ. ಸ್ಟೀಲು ಸುಡುವುದಿಲ್ಲವಲ್ಲ! ಪಾಪ, ಚೆನ್ನಾಗಿ ತಿಕ್ಕಿ ಬೆಳಗಿಸಿ ತಂದಿದ್ದ. ಆದರೂ ಬೆನ್ನಿಗೆ ಹಿಡಿ ಸೇರುವ ಸಂದಿಯಲ್ಲಿ ಒಂದಿಷ್ಟು ನೀಲಿ ಉಳಿದಿತ್ತು. ಅದರಲ್ಲಿ ನಾನು ಮತ್ತೆ ಸಾರು ಬಡಿಸಲಿಲ್ಲ.

ಯಾರೂ ನೋಡಲಿಲ್ಲವಂತೆ! ದಿನಾ ಬಾಗಿಲಲ್ಲಿ ನಿಂತಿದ್ದ ನಾನು ಯಾರೂ ಅಲ್ಲವೇನು? ಇಷ್ಟು ವರ್ಷ ಆ ಮಾತಿಗೆ ಒಳಗೊಳಗೇ ಕುದಿದಿದ್ದೇನೆ. ನಿಜ ಹೇಳಬೇಕೆಂದರೆ ಈಗಿನ ಸಿಟ್ಟು ಬೇರೆ. ಮೊನ್ನೆ ಹೊಗೆಯ ವಾಸನೆಯಲ್ಲಿ ಸೌಟು ಹಿಡಿದು ಕಣ್ಣು ಮುಚ್ಚಿದೆ. ಈ ಚೂರು ನೀಲಿ ಮಾತ್ರ ಒಳಗಣ್ಣಿಗೆ ಕಂಡಿತು. ಅದರ ಹಿಂದಿನ ಕೆಂಪು ಯಾವ ಮೂಲೆಯಲ್ಲಿತ್ತು, ಎಡಕ್ಕೋ ಬಲಕ್ಕೋ... ಎಷ್ಟು ಹೊತ್ತು ನಿಂತರೂ ನೆನಪಾಗಲಿಲ್ಲ. ನೋಡಿದವಳು ನಾನೊಬ್ಬಳೇ. ನನಗೇ ಮರೆತುಹೋಗುತ್ತಿದೆ.