ಎದುರಾಳಿ ಕೊಟ್ಟ ಮೆಮೊರಿ

ಆ ಕೊಬ್ಬರಿ ಮಂಡಿಯ ಸಾಹುಕಾರರು ಓದಿ ಮಡಿಸಿಟ್ಟ ದಿನಪತ್ರಿಕೆಯನ್ನು ಬೆಳಕಿಗೆ ಹಿಡಿದರೆ ಅಂಚುಗಳಲ್ಲಿ ಆಚೆಬದಿಯ ಅಕ್ಷರಗಳೂ ಕಾಣುತ್ತಿದ್ದವು. ದಿನವಿಡೀ ಕೊಬ್ಬರಿ ಮುರಿದು, ಮೂಸಿ, ರುಚಿ ನೋಡುತ್ತಿದ್ದ ಅವರ ಬೆರಳುಗಳಿಗೆ ಎಣ್ಣೆ ಅಷ್ಟು ಇಳಿದಿತ್ತು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಕೊಬ್ಬರಿ ಚೂರು. ಜಗಳಕ್ಕೆ ಬಂದವರಿಗೂ ಅದನ್ನು ಮುರಿದು ಕೊಟ್ಟು, “ಮೊದ್ಲು ಅಗೀರಿ, ಆಮ್ಯಾಕೆ ಬಯ್ಯೀರಂತೆ” ಎನ್ನುವುದು ಅವರ ರೂಢಿ.

ನಾನು ಜಗಳಕ್ಕೆಂದೇ ಹೋದವಳು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳ ಹೊಳಪು ಇನ್ನೂ ಮಾಸಿರಲಿಲ್ಲ. ಸರಿಯಾಗಿ ವಾದಿಸಿದರೆ ಲೋಕ ಸರಿಹೋಗುತ್ತದೆ ಎಂಬ ನಂಬಿಕೆಯೂ ಮಾಸಿರಲಿಲ್ಲ. ತಿಪಟೂರಿನ ಆ ಮಂಡಿ ಸಾಲಿನಲ್ಲಿ ಕೊಬ್ಬರಿ ಆಯುವ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಬೆಳಗಿನ ಬಸ್ಸಿಗೆ ಹೊನ್ನವಳ್ಳಿ ಕಡೆಯಿಂದ ಬಂದವರು ಸಂಜೆ ಮನೆ ಸೇರುವ ತನಕ ನೀರು ಕುಡಿಯದೆ ಕೂತಿರುತ್ತಿದ್ದರು. ಅವರಿಗೊಂದು ಶೌಚಾಲಯ ಕಟ್ಟಿಸಿಕೊಡಿ ಎಂದು ನಾನು ಅರ್ಜಿ ಹಿಡಿದು ಓಡಾಡುತ್ತಿದ್ದೆ. ಕಟ್ಟಲು ಇದ್ದ ಖಾಲಿ ಜಾಗ ಒಂದೇ. ಅದು ಸಾಹುಕಾರರ ಮಂಡಿಯ ಮುಂದೆ, ಲಾರಿಗಳು ನಿಲ್ಲುವಲ್ಲಿ. “ಲಾರೀನ ನನ್ ತಲೆ ಮ್ಯಾಲೆ ನಿಲ್ಲಿಸ್ಕಳ್ಳಾ, ಭಾಷಣದ ಮೇಡಮ್ನೋರೇ?” ಎಂದು ಅವರು ಬೀದಿಯಲ್ಲೇ ಕೇಳಿದ್ದರು.

ಕೊನೆಗೆ ತಾಲ್ಲೂಕಿನ ಮೇಲಧಿಕಾರಿಯೊಬ್ಬರು ಇಬ್ಬರ ಮಾತನ್ನೂ ಕೇಳಲು ಸಭೆ ಕರೆದರು. ಕೂಲಿ ಕೊಡುವವರ ಎದುರು ಎದ್ದು ಮಾತಾಡಲು ಹೆಂಗಸರು ಒಪ್ಪಲಿಲ್ಲ. ಹಾಗಾಗಿ ಅವರ ಕೈಗಳನ್ನೂ ಮಾತನ್ನೂ ಮಾತ್ರ ಚಿತ್ರೀಕರಿಸಿ, ಗೆಳತಿಯೊಬ್ಬಳು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಅವರಲ್ಲೊಬ್ಬಳು ಸಾಹುಕಾರರ ಮಂಡಿಯಲ್ಲೇ ದುಡಿಯುತ್ತಿದ್ದಳು. ದನಿಯ ಗುರುತು ಹತ್ತೀತು, ನಿನ್ನದು ಬೇಡ ಎಂದು ನಾನು ಎಚ್ಚರಿಸಿದಾಗ ಅವಳು, “ಮುಖ ಬ್ಯಾಡ, ಮಾತು ಇರ್ಲಿ ಕಣಕ್ಕಾ. ಅದ್ನೂ ಮುಚ್ಚಿಟ್ರೆ ಇನ್ನೇನೈತೆ ನಂದು?” ಎಂದಿದ್ದಳು.

ಸಭೆಯ ಹಿಂದಿನ ದಿನ ಮಧ್ಯಾಹ್ನ ಅದನ್ನು ಓಡಿಸಿ ನೋಡಿದರೆ ಚಿತ್ರ ನಿಂತುಬಿಟ್ಟಿತು. ಮಾತು ತುಂಡುತುಂಡಾಗಿ ಬಿಕ್ಕಿತು. ಮಂಡಿ ಸಾಲಿನ ಕಂಪ್ಯೂಟರ್ ಅಂಗಡಿಯವನು ಯಂತ್ರದ ತಳದ ಮುಚ್ಚಳ ಬಿಚ್ಚಿ ತಲೆಯಾಡಿಸಿದ. “ಮೆಮೊರಿ ಸಾಲ್ದು ಮೇಡಂ. ಇನ್ನೊಂದು ಪಟ್ಟಿ ಹಾಕ್ಬೇಕು. ನನ್ ತಾವ ಇರೋದೆಲ್ಲ ದೊಡ್ಡ ಕಂಪ್ಯೂಟರಿಂದು, ಉದ್ದದ್ದು. ಇದಕ್ಕೆ ಗಿಡ್ಡದ್ದೇ ಆಗ್ಬೇಕು, ಬೆಂಗಳೂರಿಂದ ತರಿಸ್ಬೇಕು.”

“ನಾಳೆ ಬೆಳಿಗ್ಗೆಯೊಳಗೆ?”

“ಆಗಾಕಿಲ್ಲ ಬುಡಿ.”

ಅಷ್ಟರಲ್ಲಿ ಬಾಗಿಲಲ್ಲಿ ಸಾಹುಕಾರರ ನೆರಳು ಬಿತ್ತು. ಕೊಬ್ಬರಿ ಧಾರಣೆ ನೋಡಲೆಂದು ಆ ಸಾಲಿಗೇ ಮೊದಲು ಲ್ಯಾಪ್‌ಟಾಪ್ ತಂದವರು ಅವರು. ಅದಕ್ಕೆ ಹೆಚ್ಚಿನ ಮೆಮೊರಿ ಹಾಕಿಕೊಟ್ಟವನು ಇದೇ ಅಂಗಡಿಯವನು.

“ನನ್ ಮೆಷಿನ್ನಿಗೆ ಹಾಕಿದ್ಯಲ್ಲ, ಅದು ಇದಕ್ಕೆ ಕೂರ್ತದೇನ್ಲಾ?”

“ಕೂರ್ತದೆ ಸಾವ್ಕಾರ್ರೇ. ಆದ್ರೆ...”

“ಏನ್ಲಾ ಆದ್ರೆ? ತತ್ತೀನಿ, ಬಿಚ್ಚಿ ಹಾಕು.”

ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. “ಇದು ಓಡಿದರೆ ನಾಳೆ ನಷ್ಟ ನಿಮಗೇ ಅಲ್ಲವೇ?” ಎಂದೆ.

“ಓಡದಿದ್ರೆ ಇನ್ನೂ ನಷ್ಟ ಕಣಮ್ಮ. ಆ ಹೆಣ್ಮಗಳ ಮೆಷಿನ್ನು ನಿಂತೋಯ್ತು, ಅದಕ್ಕೆ ಸಾವ್ಕಾರ ಗೆದ್ದ ಅಂತ ಊರೋರು ಅಂದ್ರೆ ನಾನೆಲ್ಲಿ ಮುಖ ಇಟ್ಕಳ್ಳಿ? ನೀವು ಸರ್ಯಾಗಿ ಮಾತಾಡಿ. ನಾನು ಸರ್ಯಾಗಿ ಸೋಲಿಸ್ತೀನಿ.”

ಮಂಡಿಯಿಂದ ತಂದ ತಮ್ಮ ಲ್ಯಾಪ್‌ಟಾಪಿನಿಂದ ಬಿಚ್ಚಿದ ಪಟ್ಟಿಯನ್ನು ನೋಡಲು ಅವರು ಕೈ ಚಾಚಿದ್ದೇ ತಡ, ಅಂಗಡಿಯವನು “ಕೈ ಸಾವ್ಕಾರ್ರೇ, ಕೈ! ಎಣ್ಣೆ!” ಎಂದು ಕೂಗಿದ. ಆ ಬೀದಿಯಲ್ಲಿ ಎಲ್ಲರನ್ನೂ ಗದರುತ್ತಿದ್ದವರು ಶಾಲೆಯ ಮಗುವಿನಂತೆ ಕೈ ಹಿಂದಕ್ಕೆಳೆದುಕೊಂಡು, ನಲ್ಲಿಯ ಹತ್ತಿರ ಹೋಗಿ ಸೀಗೆಪುಡಿ ಹಾಕಿ ಉಜ್ಜಿ ತೊಳೆದು ಬಂದರು. ಅವನು ಆಗಲೂ ಮುಟ್ಟಗೊಡಲಿಲ್ಲ. ಪಟ್ಟಿಯನ್ನು ಓರೆಯಾಗಿ ಇಳಿಸಿ ಅದುಮಿದಾಗ ಎರಡೂ ಪಕ್ಕದ ಕೊಂಡಿಗಳು ಟಕ್ಕೆಂದು ಹಿಡಿದುಕೊಂಡವು. ಚಿತ್ರ ಎಲ್ಲಿಯೂ ತಡೆಯದೆ ಕೊನೆಯವರೆಗೆ ಓಡಿತು. “ಈಗ ಅಗೀರಿ” ಎಂದು ಸಾಹುಕಾರರು ಕೊಬ್ಬರಿ ಚೂರು ಚಾಚಿದರು.

ಮರುದಿನ ಸಭೆಯಲ್ಲಿ ಆ ದನಿಗಳು ಒಂದೊಂದಾಗಿ ಕೇಳಿಬಂದವು. “ಬಾಯಾರಿದ್ರೂ ನೀರು ಕುಡಿಯಾಕಿಲ್ಲ ಸ್ವಾಮಿ. ಕುಡುದ್ರೆ ಎಲ್ಲಿಗೋಗಾನ?” ಎಂಬ ಮಾತು ಬಂದಾಗ ಸಾಹುಕಾರರ ಮುಖ ನೋಡಿದೆ. ಅಗಿಯುತ್ತಿದ್ದ ಬಾಯಿ ನಿಂತಿತ್ತು. ಅವರಿಗೆ ತಮ್ಮ ಮಂಡಿಯವಳ ದನಿಯ ಗುರುತು ಹತ್ತಿತ್ತು.

ತಮ್ಮ ಸರದಿ ಬಂದಾಗ ಅವರು ಎದ್ದರು. “ಆ ಹೆಣ್ಮಗಳು ಹೇಳಿದ್ದು ಸುಳ್ಳಲ್ಲ. ಆದ್ರೆ ಲಾರಿ ನಿಲ್ಲಾಕೆ ಜಾಗ ಇಲ್ಲ ಅಂತ ನಾನೇಳಾದೂ ಸುಳ್ಳಲ್ಲ” ಎಂದು ಆರಂಭಿಸಿ ಒಂದಿಂಚೂ ಬಿಡದೆ ವಾದಿಸಿದರು. ಅಧಿಕಾರಿಗಳು ಎರಡನ್ನೂ ಕೇಳಿಕೊಂಡು, ಜಾಗದ ಒಂದು ಮೂಲೆಯಲ್ಲಿ ಶೌಚಾಲಯ, ಉಳಿದದ್ದು ಲಾರಿಗೆ ಎಂದು ತೀರ್ಮಾನಿಸಿದರು. ನಾನು ಗೆದ್ದಿದ್ದೆ, ಆದರೆ ಆ ಹೆಂಗಸಿನ ಕೂಲಿ ತಪ್ಪೀತೆಂಬ ಭಯ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಮೆಮೊರಿ ಹಿಂದಿರುಗಿಸುವ ನೆಪದಲ್ಲಿ ಮಂಡಿಗೆ ಓಡಿದೆ. ಅವಳು ಎಂದಿನ ಜಾಗದಲ್ಲಿ ಕೂತು ಕೊಬ್ಬರಿ ಆಯುತ್ತಿದ್ದಳು. ಸಾಹುಕಾರರು ಎದುರು ನಿಂತಿದ್ದರು.

“ಸರ್ಕಾರಕ್ಕೆ ಹೇಳಾಕೆ ಬಾಯಿ ಬತ್ತದೆ, ದಿನಾ ಎದುರಿಗಿರೋ ನಂಗೆ ಹೇಳಾಕೆ ಬರಾಕಿಲ್ವೇನಮ್ಮಾ?”

ಅವಳು ತಲೆಯೆತ್ತಲಿಲ್ಲ. “ನಿಮ್ಗೇಳಿದ್ರೆ ಕೇಳ್ತಿದ್ರಾ? ಕೂಗಾಡ್ತಿದ್ರಿ.”

“ಕೂಗಾಡ್ತೀನಿ. ಕೂಗಾಡಿದ್ಮೇಲೆ ಕೇಳ್ತೀನಿ ಕಣಮ್ಮ.”

“ಅಲ್ಲೀಗಂಟ ತಡಕಳ್ಳಾಕಾಯ್ತದಾ ಸಾವ್ಕಾರ್ರೇ?” ಎಂದಳು ಅವಳು. ಸುತ್ತ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಸಾಹುಕಾರರೂ ನಕ್ಕರು.

ಮೆಮೊರಿಯನ್ನು ಅವರು ನನಗೆ ದಾನವೇನೂ ಕೊಡಲಿಲ್ಲ. “ತತ್ತಾ ಇತ್ಲಾಗೆ, ಇವತ್ತು ಹರಾಜೈತೆ” ಎಂದು ಇಸಿದುಕೊಂಡರು. ಮುಂದೆಯೂ ಹಲವು ಸಭೆಗಳಲ್ಲಿ ನನ್ನನ್ನು ಬಿಡದೆ ಎದುರಿಸಿದರು. ಎರಡು ಸಲ ನ್ಯಾಯವಾಗಿಯೇ ಸೋಲಿಸಿದರು. ಅವರು ತೀರಿಕೊಂಡ ದಿನ ಮಂಡಿ ಸಾಲು ಬಾಗಿಲು ಹಾಕಿತ್ತು. ಆಯುವ ಹೆಂಗಸರೊಂದಿಗೆ ನಾನೂ ಮಣ್ಣಿಗೆ ಹೋಗಿದ್ದೆ.

ಎದುರಾಳಿ ತಡವರಿಸಿದ ಗಳಿಗೆಯಲ್ಲೇ ಮೇಲೆ ಬೀಳಬೇಕೆಂದು ಕಾಲೇಜಿನಲ್ಲಿ ನನಗೆ ಕಲಿಸಿದ್ದರು. ಆ ಪಾಠವನ್ನು ನಾನು ಬಿಟ್ಟದ್ದು ಈ ಸಾಹುಕಾರರಿಂದ. ಇಂದಿಗೂ ಯಾವ ಸಭೆಯಲ್ಲಾದರೂ ಎದುರು ಪಕ್ಷದವರ ಮೈಕು ಕೆಟ್ಟರೆ, ನನ್ನದನ್ನು ಅವರತ್ತ ಸರಿಸಿ ಕುಳಿತುಕೊಳ್ಳುತ್ತೇನೆ.