ಸುಗಂಧಿ ಟೀಚರ ಸ್ಪೀಕರ್ ಪರೀಕ್ಷೆ

ಕಾಪುವಿನ ಸುಗಂಧಿ ಟೀಚರ ಮನೆಗೆ ಹೋದವರಿಗೆ ಚಹಾಕ್ಕಿಂತ ಮೊದಲು ಪರೀಕ್ಷೆ. ನಿವೃತ್ತರಾದ ಮೇಲೆ ಅವರಿಗೆ ಹಿಡಿದ ಹುಚ್ಚು ಒಂದೇ: ಯಾರೂ ಹೆಸರು ಕೇಳದ ಕಂಪೆನಿಗಳ ಪುಟ್ಟ ಸ್ಪೀಕರುಗಳನ್ನು ತರಿಸಿ ದೊಡ್ಡ ಹೆಸರಿನವುಗಳ ಸೊಕ್ಕು ಮುರಿಯುವುದು. ಗೋಡೆಯಿಂದ ಎಷ್ಟು ದೂರವೆಂದು ದಿನಕ್ಕೆ ನಾಲ್ಕು ಸಲ ಟೇಪು ಹಿಡಿದು ಅಳೆಯುತ್ತಾರೆ. ಗುಂಯ್‌ಗುಡುತ್ತದೆಂಬ ಒಂದೇ ತಪ್ಪಿಗೆ ಫ್ರಿಜ್ಜು ಹಿಂದಿನ ಜಗಲಿಗೆ ಗಡೀಪಾರಾಗಿದೆ. ಗಂಡ ಶೇಖರನಿಗೆ ಕೆಮ್ಮು ಬಂದರೆ ಹಾಡು ಮುಗಿಯುವ ತನಕ ಕಾಯಬೇಕು. ಬಂದವರು ಶಿರ್ವದ ಬಂಗಲೆಯವರಿರಲಿ, ಮಣಿಪಾಲದ ಡಾಕ್ಟರಿರಲಿ, ಹಳೇ ಸೀರೆಯ ಪರದೆ ಕಟ್ಟಿ, ಅದರ ಹಿಂದಿನ, ದೊಡ್ಡ ಹೆಸರಿನದೊಂದು ಹೆಸರಿಲ್ಲದ್ದೊಂದು, ಎರಡು ಜೋಡಿ ಸ್ಪೀಕರುಗಳಲ್ಲಿ ಒಂದಾದ ಮೇಲೊಂದರಂತೆ ಒಂದೇ ಯಕ್ಷಗಾನದ ಪದ ಹಾಕುತ್ತಾರೆ. "ಮಾರಾಯ್ರೇ, ಭಾಗವತರು ಉಸಿರು ಎಳೆದದ್ದು ಯಾವುದರಲ್ಲಿ ಕೇಳಿತು, ಹೇಳಿ ಹೇಳಿ!" ಅತಿಥಿ "ಎರಡನೆಯದ್ದು" ಎಂದದ್ದೇ ತಡ, ಪರದೆ ಸರ್ರನೆ ಸರಿಯುತ್ತದೆ. ಆ ಎರಡನೆಯದ್ದು ತೆಂಗಿನಕಾಯಿ ಗಾತ್ರದ ಪೆಟ್ಟಿಗೆಗಳು! ಟೀಚರು ಚಪ್ಪಾಳೆ ತಟ್ಟುತ್ತಾರೆ. "ನೋಡಿದ್ರಾ! ಮೊದಲೇ ಹೆಸರು ಕಂಡಿದ್ರೆ ಇದಕ್ಕೆ ಮಾರ್ಕ್ ಕೊಡ್ತಿದ್ರಾ ನೀವು?" ಪರದೆ ಯಾಕೆಂದು ಕೇಳಿದರೆ, "ಹೆಸರು ಕಾಣದ ಹಾಗೆ ಮಡಚಿ ಪೇಪರು ತಿದ್ದಿದ ಅಭ್ಯಾಸ, ಅಲ್ವಾ" ಎನ್ನುತ್ತಾರೆ. ಆ ಅಭ್ಯಾಸ ಶುರುವಾದದ್ದು ಹೇಗೆಂದು ಮಾತ್ರ ಹೇಳುವುದಿಲ್ಲ. ಬಾಗಲಕೋಟೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ರಾಚವ್ವನ ಮಗಳು ರಾಜಶ್ರೀಗೆ ಗಣಿತದಲ್ಲಿ ನೂರಕ್ಕೆ ನೂರು ಬಂದಾಗ, ಟೀಚರು ಪೇಪರಿನ ಮೇಲಿನ ಹೆಸರು ನೋಡಿ, "ಕಾಪಿ ಹೊಡೆದದ್ದಾ?" ಎಂದು ತರಗತಿಯ ಎದುರೇ ಕೇಳಿದ್ದರು. ಹುಡುಗಿ ಸೀಮೆಸುಣ್ಣ ಹಿಡಿದು ಎಲ್ಲ ಲೆಕ್ಕಗಳನ್ನೂ ಬೋರ್ಡಿನ ಮೇಲೆ ತಪ್ಪಿಲ್ಲದೆ ಮಾಡಿ ತೋರಿಸಿದಳು. ಮರುದಿನದಿಂದ ಶಾಲೆಗೆ ಬರಲಿಲ್ಲ.